ಎಗ್ಬರ್ಟ್ ಕ್ನಾಪನ ಒಣ ಕೋಣೆ

ವುಪ್ಪರ್ಟಾಲ್‌ನಲ್ಲಿ ಮಳೆ ಬಂತು ಎಂದು ಯಾರೂ ಹೇಳುವುದಿಲ್ಲ. ನಿಂತರೆ ಮಾತ್ರ ಹೇಳುತ್ತಾರೆ. ಇಂಥ ಊರಿನ ಇಳಿಜಾರಿನಲ್ಲಿ, ಗುಡ್ಡದ ಮಣ್ಣಿಗೆ ಬೆನ್ನು ಆನಿಸಿಕೊಂಡು ನಿಂತಿರುವ ನಾಲ್ಕು ಮಹಡಿಯ ಹಳೇ ಬಾಡಿಗೆ ಕಟ್ಟಡ ನಮ್ಮದು. ಅದರ ಉತ್ತರದ ಗೋಡೆಗೆ ಬೂಷ್ಟು ಹಿಡಿಯುವುದು ಪ್ರಕೃತಿಧರ್ಮ. ಆದರೆ ಕಟ್ಟಡದ ಆಡಳಿತ ಕಚೇರಿಯವರು ಪ್ರಕೃತಿಯನ್ನು ನಂಬುವವರಲ್ಲ. ಗೋಡೆ ಕಪ್ಪಾದರೆ ಅದು ಬಾಡಿಗೆದಾರನ ನಡತೆಯ ದೋಷ, ಅವನು ಕಿಟಕಿಯನ್ನು ಸರಿಯಾಗಿ ತೆರೆದು ಒಳಗಿನ ತೇವವನ್ನು ಹೊರಗೆ ಬಿಟ್ಟಿಲ್ಲ ಎಂಬುದು ಅವರ ಸಿದ್ಧಾಂತ.

ಕಿಟಕಿ ತೆರೆಯುವ ವಿಷಯದಲ್ಲಿ ನಮ್ಮಲ್ಲಿರುವ ಕಟ್ಟಳೆಗಳು ಮಡಿ ಮೈಲಿಗೆಯ ಕಟ್ಟಳೆಗಳಿಗಿಂತ ಹೆಚ್ಚು. ಬೆಳಿಗ್ಗೆ ಎದ್ದ ಕೂಡಲೇ, ಮತ್ತೆ ಮಧ್ಯಾಹ್ನ, ಮತ್ತೆ ಸಂಜೆ, ಹೊರಗೆ ಹಿಮ ಸುರಿಯುತ್ತಿದ್ದರೂ ಸರಿಯೆ, ಕಿಟಕಿಗಳನ್ನೆಲ್ಲ ಹಾರುಹೊಡೆದು ಹಲ್ಲು ಕಟಕಟಿಸುತ್ತ ಐದು ನಿಮಿಷ ನಿಲ್ಲಬೇಕು. ಪೂರ್ತಿ ತೆರೆದರೆ ಪುಣ್ಯ, ಮೇಲಂಚು ಮಾತ್ರ ಓರೆಯಾಗಿ ತೆರೆದರೆ ಪಾಪ. ತೆರೆಯದೇ ಇರುವವನ ಬಗ್ಗೆ ಮಕ್ಕಳ ಎದುರಿಗೆ ಮಾತಾಡುವುದಿಲ್ಲ. ನೆಲಮಹಡಿಯ ಡೋರ್ನ್ ಅಜ್ಜಿ ಈ ಧರ್ಮದ ಮಠಾಧಿಪತಿ ಇದ್ದಂತೆ. ಬೆಳಗಿನ ಹೊತ್ತು ಅಂಗಳದಲ್ಲಿ ನಿಂತು, ಯಾರ ಕಿಟಕಿ ತೆರೆದಿದೆ ಯಾರದ್ದು ಇಲ್ಲ ಎಂದು ಕತ್ತೆತ್ತಿ ನೋಡಿಯೇ ಅವರು ಕಾಫಿ ಕುಡಿಯುವುದು. ಮೂರನೇ ಮಹಡಿಯ ಕ್ನಾಪ್ ದಂಪತಿಗಳ ಮಲಗುವ ಕೋಣೆ ಮಾತ್ರ ಹಿಂಬದಿಗೆ, ಗುಡ್ಡದ ಕಡೆಗೆ ತೆರೆಯುವುದರಿಂದ ಅಜ್ಜಿಯ ಕಣ್ಣಿಗೆ ಬೀಳುತ್ತಿರಲಿಲ್ಲ. ಈ ಕಥೆ ಬೆಳೆದದ್ದೇ ಆ ಕೋಣೆಯಲ್ಲಿ.

ಎಗ್ಬರ್ಟ್ ಕ್ನಾಪ್ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಐವತ್ತು ದಾಟಿದ ಪ್ರಾಯ, ನುಣ್ಣನೆಯ ತಲೆ. ಯಾರು ಏನು ಕೇಳಿದರೂ ಮೊದಲು ‘ಹೌದು’ ಎಂದುಬಿಟ್ಟು, ಕೇಳಿದ್ದೇನು ಎಂದು ಆಮೇಲೆ ಯೋಚಿಸುವ ಸ್ವಭಾವ. ಮನೆಯಲ್ಲಿ ತಲೆಗೆ ಮೂರು ಗಾಂಜಾ ಗಿಡ ಬೆಳೆಸಬಹುದು ಎಂದು ಸರಕಾರ ಕಾನೂನು ಮಾಡಿದ ವರ್ಷ ಚೆಂಡು ಉರುಳಿಸಿ ಗೂಟ ಬೀಳಿಸುವ ಅವನ ಗೂಟದಾಟದ ಕ್ಲಬ್ಬಿನಲ್ಲಿ ಎಲ್ಲರೂ ಗಿಡ ನೆಟ್ಟರು. ಅವರಲ್ಲಿ ಸೇದುವವರು ಇಬ್ಬರೋ ಮೂವರೋ ಇರಬೇಕು. ಉಳಿದವರಿಗೆ ಅದು ಕುಂಬಳಕಾಯಿ ಬೆಳೆಸಿ ತೂಕ ಹಾಕುವಂಥ ಪಂದ್ಯ. ಒಣಗಿದ ಹೂವನ್ನು ಬಾಟಲಿಯಲ್ಲಿ ತಂದು ಮೇಜಿನ ಮೇಲಿಟ್ಟು ಸರದಿಯಲ್ಲಿ ಮೂಸುತ್ತಿದ್ದರು. ಎಗ್ಬರ್ಟನಿಗಂತೂ ಊದುಬತ್ತಿಯ ಹೊಗೆಗೂ ಕೆಮ್ಮು ಬರುತ್ತದೆ. ಆದರೂ ನೆಟ್ಟ.

ಆ ಮೊದಲ ವರ್ಷ ಅವನ ಮೂರು ಗಿಡಗಳೂ ಕೊಯ್ಲಿಗೆ ಮುಂಚೆ ಬೂಷ್ಟು ಹಿಡಿದು ಕೊಳೆತವು. ಗಾಂಜಾ ಹೂವಿಗೆ ಅದೊಂದು ಗಂಡಾಂತರ. ಕೊನೆಯ ವಾರಗಳಲ್ಲಿ ಹೂವು ಉಬ್ಬಿ ಒತ್ತೊತ್ತಾಗಿ ಕೂರುತ್ತದೆ, ಆಗ ಗಾಳಿಯಲ್ಲಿ ತೇವ ಶೇಕಡಾ ಐವತ್ತು ದಾಟಿದರೆ ಒಳಗೊಳಗೇ ಬೂದು ಬೂಷ್ಟು ಹುಟ್ಟುತ್ತದೆ. ಹೊರಗಿನಿಂದ ನೋಡಿದರೆ ಹೂವು, ಬಿಡಿಸಿದರೆ ಹಳೇ ಕಾಲುಚೀಲ. ನಾಲ್ಕನೇ ಮಹಡಿಯಲ್ಲಿರುವ ಊಡೋ, ಎಂದರೆ ಎಗ್ಬರ್ಟನ ಹೆಂಡತಿ ರೋಸ್ವಿತಾಳ ತಮ್ಮ, ಅದನ್ನು ಕ್ಲಬ್ಬಿನಲ್ಲಿ ಎಲ್ಲರೆದುರು ಬಿಡಿಸಿ ತೋರಿಸಿ, “ನಮ್ಮ ಭಾವನಿಗೆ ಇನ್ಮೇಲೆ ಬೂಷ್ಟಪ್ಪ ಅಂತ ಕರೀರಪ್ಪ!” ಎಂದುಬಿಟ್ಟ. ಕ್ಲಬ್ಬು ಹಾಗೆಯೇ ಕರೆಯಿತು. ವರ್ಷವಿಡೀ ಕರೆಯಿತು. ಇನ್ನು ಜನ್ಮದಲ್ಲಿ ಗಿಡ ಮುಟ್ಟುವುದಿಲ್ಲ ಎಂದು ಎಗ್ಬರ್ಟ್ ಎಲ್ಲರೆದುರು ಸಾರಿದ.

ಸಾರಿದವನು ಈ ವರ್ಷ ಗುಟ್ಟಾಗಿ ಮತ್ತೆ ನೆಟ್ಟ. ಮಲಗುವ ಕೋಣೆಯಲ್ಲಿ ಸೂರು ಮುಟ್ಟುವ ಕಪ್ಪು ಟೆಂಟು ಎದ್ದಿತು. ಒಳಗೆ ಮೂರು ಗಿಡ, ದೀಪ, ಫ್ಯಾನು, ವಾಸನೆ ನುಂಗುವ ಇದ್ದಿಲಿನ ಡಬ್ಬಿ. ಹೊರಗೆ ಮಂಚದ ಆಚೆಗೊಂದು ಈಚೆಗೊಂದು ತೇವ ಹೀರುವ ಯಂತ್ರ. ತೇವ ಏರಿದರೆ ಪೀಂಗುಟ್ಟುವ ಮಾಪಕವೊಂದು ಟೆಂಟಿನೊಳಗೆ ತೂಗುತ್ತಿತ್ತು. ವುಪ್ಪರ್ಟಾಲಿನ ಗಾಳಿ ಒಂದು ಗುಟುಕೂ ಒಳಬರಬಾರದೆಂದು ಆಗಸ್ಟ್‌ನಲ್ಲೇ ಕಿಟಕಿ ಮುಚ್ಚಿ ಸಂದುಗಳಿಗೆಲ್ಲ ಟೇಪು ಅಂಟಿಸಿದ. ಯಂತ್ರಗಳ ಗುರುಗುರು ತಾಳಲಾರದೆ ರೋಸ್ವಿತಾ ದಿಂಬು ಎತ್ತಿಕೊಂಡು ಹಾಲಿನ ಸೋಫಾಕ್ಕೆ ಹೋದಳು.

“ಮದುವೆಯಾಗಿ ಇಷ್ಟು ವರ್ಷದಲ್ಲಿ ನಂಗೆ ಜ್ವರ ಇದ್ಯಾ ಅಂತ ಒಂದಿನ ಹಣೆ ಮುಟ್ಟಿ ನೋಡಿದೋರಲ್ಲ,” ಎಂದಳು. “ಈ ಗಿಡಗಳಿಗೆ ದಿನಕ್ಕೆ ಹತ್ತು ಸಲ ಅಳತೆ!”

“ನಿಂಗೆ ಬೂಷ್ಟು ಹಿಡಿಯಲ್ವಲ್ಲೇ,” ಎಂದ ಎಗ್ಬರ್ಟ್. ಅವನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ. “ಒಂದ್ಸಲ, ಒಂದೇ ಸಲ, ಆ ನಿನ್ನ ತಮ್ಮ ಇದನ್ನ ಮೂಸಿ ‘ಭಾವ, ಬೂಷ್ಟಿಲ್ಲ’ ಅನ್ಲಿ. ಆಮೇಲೆ ನಾನು ಸತ್ತರೂ ಚಿಂತೆಯಿಲ್ಲ. ಅಲ್ಲೀವರೆಗೆ ಅವನ ಹತ್ರ ಬಾಯಿ ಬಿಟ್ಟೀಯೆ!”

ಅಕ್ಟೋಬರಿನಲ್ಲಿ, ಬೂಷ್ಟಿನ ಕಾರಣಕ್ಕೆ ಬಾಡಿಗೆ ಇಳಿಸಬೇಕೆಂದು ಊಡೋನ ಮುಂದಾಳತ್ವದಲ್ಲಿ ನಾವೆಲ್ಲ ಅರ್ಜಿ ಹಾಕಿದೆವು. ಕಚೇರಿಯವರು ಬ್ರಾಕೆ ಎಂಬ ಇಂಜಿನಿಯರನ್ನು ಕಳಿಸಿದರು. ಆತ ಪ್ರತಿ ಮನೆಯ ಮಲಗುವ ಕೋಣೆಯಲ್ಲೂ ಒಂದು ಬಿಳಿ ಡಬ್ಬಿ ನೇತುಹಾಕಿ ಹೋದ. ಅದು ಹಗಲಿರುಳು ತೇವವನ್ನು ಅಳೆದು ನೆನಪಿಟ್ಟುಕೊಳ್ಳುತ್ತದಂತೆ. ಆ ಹೊತ್ತಿಗೆ ಎಗ್ಬರ್ಟನ ಯಂತ್ರಗಳು ಸದ್ದಡಗಿ ಮಂಚದಡಿ ಸೇರಿದ್ದವು, ಟೆಂಟು ಹೊದಿಕೆ ಹೊದ್ದು ನಿಂತಿತ್ತು. “ಹೆಂಡತಿಯ ಅಜ್ಜಿಯ ಬಟ್ಟೆ ಕಪಾಟು,” ಎಂದ. ಬ್ರಾಕೆಗೆ ಬಟ್ಟೆಯಲ್ಲಿ ಆಸಕ್ತಿ ಇರಲಿಲ್ಲ.

ಡಬ್ಬಿ ಬಂದ ಮೇಲೆ ಕಟ್ಟಡದಲ್ಲಿ ಬುದ್ಧಿವಂತಿಕೆ ಜಾಗೃತವಾಯಿತು. ಊಡೋ ತನ್ನ ಡಬ್ಬಿಯನ್ನು ಬಿಸಿನೀರ ಸ್ನಾನಕ್ಕೆ ಜೊತೆಗೆ ಕರೆದುಕೊಂಡು ಹೋಗುತ್ತಿದ್ದ. ಡೋರ್ನ್ ಅಜ್ಜಿಯದು ಆಲೂಗಡ್ಡೆ ಬೇಯುವ ಪಾತ್ರೆಯ ಮೇಲೆ ನೇತಾಡುತ್ತಿತ್ತು. ನನ್ನ ಡಬ್ಬಿಯ ವಿಚಾರ ಇಲ್ಲಿ ಅಪ್ರಸ್ತುತ. ಎಲ್ಲರೂ ಸೇರಿ ಗೋಡೆಯ ವಿರುದ್ಧ ಸಾಕ್ಷ್ಯ ಕಟ್ಟುತ್ತಿದ್ದಾಗ ಎಗ್ಬರ್ಟ್ ಒಬ್ಬ ಅದಾವುದನ್ನೂ ಗಮನಿಸದೆ ತನ್ನ ಹೂವುಗಳ ಎಣಿಕೆಯಲ್ಲಿದ್ದ.

ನವೆಂಬರಿನಲ್ಲಿ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಸಭೆ ಸೇರಿತು. ಕಚೇರಿಯಿಂದ ಓಡೆನ್‌ಟಾಲ್ ಮೇಡಂ ಬಂದಿದ್ದರು. ಅವರು ನಕ್ಕಾಗಲೂ ಬಾಡಿಗೆ ಏರಿತೇನೋ ಎಂದು ಭಯವಾಗುತ್ತದೆ. ಗೋಡೆಯ ಮೇಲೆ ದೊಡ್ಡ ನಕ್ಷೆ ಮೂಡಿಸಿದರು. ಏಳು ಗೆರೆಗಳು ಮೇಲೆ ಎಂಬತ್ತು ತೊಂಬತ್ತರಲ್ಲಿ ಕುಣಿದಾಡುತ್ತಿದ್ದವು. ಕೆಳಗೆ ನಲವತ್ತೈದರಲ್ಲಿ ಒಂದೇ ಒಂದು ಗೆರೆ ಅಳತೆಪಟ್ಟಿ ಇಟ್ಟು ಎಳೆದಂತೆ ನೆಟ್ಟಗೆ ಮಲಗಿತ್ತು.

“ನೋಡಿ,” ಎಂದರು ಮೇಡಂ. “ಕಟ್ಟಡ ಅದೇ, ಗೋಡೆ ಅದೇ, ಆಕಾಶಾನೂ ಅದೇ. ಏಳು ಮನೇಲಿ ಕೆರೆ, ಒಂದು ಮನೇಲಿ ಒಣ ರೊಟ್ಟಿ. ಇದರರ್ಥ ಏನು? ಗೋಡೇದು ತಪ್ಪಿಲ್ಲ. ತಪ್ಪು ನಿಮ್ಮದು. ಕಿಟಕಿ ತೆಗೆಯೋಕೆ ಬರೋರು ಈ ಕಟ್ಟಡದಲ್ಲಿ ಒಬ್ರೇ ಒಬ್ರು. ಮೂರನೇ ಮಹಡಿ, ಎಡಗಡೆ.”

ಎಲ್ಲರೂ ತಿರುಗಿ ಎಗ್ಬರ್ಟನನ್ನು ನೋಡಿದರು. ಎಗ್ಬರ್ಟ್ ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ. ಅಲ್ಲಿ ಬಟ್ಟೆ ಒಗೆಯುವ ಯಂತ್ರ ಮಾತ್ರ ಇತ್ತು.

“ಸುಳ್ಳು!” ಎಂದು ಊಡೋ ಎದ್ದು ನಿಂತ. “ಈ ನಮ್ಮ ಭಾವ ಕಿಟಕಿ ತೆಗೆದಿದ್ದು ಯಾವ ಜನ್ಮದಲ್ಲೂ ನಾನು ನೋಡಿಲ್ಲ!”

“ನೀನು ಮಧ್ಯಾಹ್ನದ ತನಕ ಮಲಗಿರ್ತೀಯ, ಏನು ನೋಡ್ತೀಯ?” ಎಂದು ಡೋರ್ನ್ ಅಜ್ಜಿ ಗದರಿದರು. ನಲವತ್ತು ವರ್ಷದ ಸಾಧನೆಯನ್ನು ಮೂರನೇ ಮಹಡಿಯವನು ಮೀರಿಸಿದ್ದು ಕಂಡು ಅವರ ಕಣ್ಣು ತುಂಬಿತ್ತು. “ಕ್ನಾಪ್‌ರೇ, ನಿಜ ಹೇಳಿ. ದಿನಕ್ಕೆ ಎಷ್ಟು ಸಲ?”

ಎರಡು ಯಂತ್ರ, ಒಂದು ಟೆಂಟು ಎಂದು ಹೇಳಲು ಎಗ್ಬರ್ಟ್ ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಓಡೆನ್‌ಟಾಲ್ ಮೇಡಂ ಬಂದು ಅವನ ಕೈ ಹಿಡಿದು ಕುಲುಕಿದರು. ಹುಟ್ಟಿದಾಗಿನಿಂದ ಅವನನ್ನು ಯಾರೂ ಸಭೆಯಲ್ಲಿ ಹೊಗಳಿರಲಿಲ್ಲ. ಮನುಷ್ಯ ಪೂರಿಯಂತೆ ಉಬ್ಬಿದ.

“ಎಷ್ಟು ಸಲ ಅಂತ ಲೆಕ್ಕ ಇಡಲ್ಲ,” ಎಂದ. “ಗಾಳೀನೇ ಹೇಳತ್ತೆ.”

ಡೋರ್ನ್ ಅಜ್ಜಿ ಅದನ್ನು ಬರೆದುಕೊಂಡರು. ನಮ್ಮ ಅರ್ಜಿ ಅಲ್ಲಿಗೇ ಬಿದ್ದುಹೋಯಿತು. ಮೆಟ್ಟಿಲ ಮೇಲೆ ಊಡೋ ಭಾವನ ದಾರಿಗೆ ಅಡ್ಡ ನಿಂತ.

“ಭಾವ, ಕಚೇರಿಯೋರು ನಿಂಗೆ ಏನು ಕೊಟ್ರು?”

“ಏನೂ ಇಲ್ವಲ್ಲೋ.”

“ಬಿಟ್ಟಿ ಚಮಚಾನಾ ಹಾಗಾದ್ರೆ! ಕಾಸು ತಗೊಂಡು ಚಮಚಾ ಆಗಿದ್ರೆ ಒಂದು ಮರ್ಯಾದೆಯಾದ್ರೂ ಇರ್ತಿತ್ತು.”

ಅಂದಿನಿಂದ ಕಟ್ಟಡ ಎರಡಾಯಿತು. ಅರ್ಧ ಜನ ಎಗ್ಬರ್ಟನಿಗೆ ಮುಖ ತಿರುಗಿಸಿದರು. ಉಳಿದರ್ಧ ಅವನ ಶಿಷ್ಯರಾಗಿ, ಗಾಳಿ ಹೇಳುತ್ತದೆಂದು ಕಾದು, ಅದು ಏನೂ ಹೇಳದಿದ್ದಾಗ ಕಿಟಕಿಯನ್ನು ಇಡೀ ದಿನ ತೆರೆದಿಟ್ಟು ನೆಗಡಿ ಹಚ್ಚಿಕೊಂಡರು. ಎಗ್ಬರ್ಟ್ ಮಾತ್ರ ಕೈ ಹಿಂದಕ್ಕೆ ಕಟ್ಟಿಕೊಂಡು ಮೆಟ್ಟಿಲಿಳಿಯುವುದನ್ನು ಕಲಿತ. ಯಾರಾದರೂ ಕೆಮ್ಮಿದರೆ ನಿಂತು, “ಓರೆಯಾಗಿ ತೆರೆದ್ರಾ?” ಎಂದು ವೈದ್ಯನ ಧಾಟಿಯಲ್ಲಿ ವಿಚಾರಿಸುತ್ತಿದ್ದ.

ಕೊಯ್ಲಿಗೆ ಇನ್ನು ನಾಲ್ಕೇ ದಿನ ಎನ್ನುವಾಗ ಓಡೆನ್‌ಟಾಲ್ ಮೇಡಂ ಫೋನು ಮಾಡಿದರು. ಕಚೇರಿಯ ಎಲ್ಲ ಕಟ್ಟಡಗಳಿಗೂ ಹಂಚುವ ಪತ್ರಿಕೆಯಲ್ಲಿ ಎಗ್ಬರ್ಟನ ಫೋಟೋ ಹಾಕಬೇಕು, ಕಿಟಕಿ ತೆರೆಯುವ ವಿಧಾನವನ್ನು ಅವನ ಕೋಣೆಯಲ್ಲೇ ಕಣ್ಣಾರೆ ನೋಡಬೇಕು, ನಾಳೆ ಬರುತ್ತೇವೆ ಎಂದರು. ಎಗ್ಬರ್ಟ್ ಅಭ್ಯಾಸಬಲದಿಂದ ‘ಹೌದು’ ಎಂದ. ಫೋನಿಟ್ಟ ಮೇಲೆ ಯೋಚಿಸಿದ.

“ನಾಳೆ ಮಂಜು ಬೀಳತ್ತಂತೆ,” ಎಂದಳು ರೋಸ್ವಿತಾ. “ಅದೊಂದು ಸುಡುಗಾಡು ಗಿಡ ಇದೆ ಅಂತ ಹೇಳಿಬಿಡಿ. ಕಾನೂನೇ ಒಪ್ಪಿರೋವಾಗ ನಿಮಗೇನು ನಾಚಿಕೆ?”

“ಪತ್ರಿಕೇಲಿ ಫೋಟೋ ಕಣೇ,” ಎಂದ ಎಗ್ಬರ್ಟ್. “ಐದೇ ನಿಮಿಷ ತೆಗೆದು ಮುಚ್ಚಿದ್ರೆ ಹೂವಿಗೇನೂ ಆಗಲ್ಲ.”

ಮರುದಿನ ಬೆಳಿಗ್ಗೆ ಕಣಿವೆಯ ತುಂಬ ಮಂಜು. ಎತ್ತರದ ಕಂಬಿಗೆ ನೇತುಬಿದ್ದು ಓಡುವ ನಮ್ಮೂರ ರೈಲಿನ ಸದ್ದು ಕೇಳುತ್ತಿತ್ತೇ ವಿನಾ ರೈಲು ಕಾಣುತ್ತಿರಲಿಲ್ಲ. ಎಗ್ಬರ್ಟ್ ಟೇಪು ಕಿತ್ತ. ಸದ್ದು ಕೇಳಬಾರದೆಂದು ಯಂತ್ರಗಳನ್ನು ಆರಿಸಿ ಮಂಚದಡಿ ತಳ್ಳಿದ. ಬೆಳಕು ಸೋರಬಾರದೆಂದು ಟೆಂಟಿನ ದೀಪವನ್ನೂ ಆರಿಸಿ ಮೇಲೆ ಎರಡು ಹೊದಿಕೆ ಹೊದಿಸಿದ. ಮಾಪಕವನ್ನು ಆರಿಸುವುದು ಮರೆತ.

ಓಡೆನ್‌ಟಾಲ್ ಮೇಡಂ, ಕ್ಯಾಮರಾ ಹಿಡಿದ ಬ್ರಾಕೆ, ಬಾಡಿಗೆದಾರರ ಪರವಾಗಿ ಡೋರ್ನ್ ಅಜ್ಜಿ, ನಾನು ಮತ್ತು ಕರೆಯದಿದ್ದರೂ ಊಡೋ ಸೇರಿ ಕೋಣೆ ತುಂಬಿತು. ರೋಸ್ವಿತಾ ಕಾಫಿ ಮತ್ತು ಪ್ಲಮ್ ಹಣ್ಣಿನ ಕೇಕು ತಂದಿಟ್ಟಳು. ಎಗ್ಬರ್ಟ್ ಕಿಟಕಿಯ ಹಿಡಿ ಹಿಡಿದು ಎಳೆದ. ಅದು ಬರಲಿಲ್ಲ. ಕಾಲು ಕೊಟ್ಟು ಎಳೆದ. ಕಿರ್ರೆಂದು ತೆರೆದುಕೊಂಡಾಗ ಜೇಡರಬಲೆಯೊಂದು ಅವನ ಬೋಳುತಲೆಯ ಮೇಲೆ ಬಂದು ಕೂತಿತು.

“ಈ ಅಂಟು ಏನು?” ಎಂದು ಬ್ರಾಕೆ ಚೌಕಟ್ಟು ಸವರಿ ನೋಡಿದ.

“ಕ್ರಿಸ್‌ಮಸ್ಸಿನ ಅಲಂಕಾರ. ಹೋದ್ವರ್ಷದ್ದು.”

“ಮಾತಾಡಿಸಬೇಡಿ ಅವರನ್ನ,” ಎಂದರು ಅಜ್ಜಿ, ಗಡಿಯಾರ ಹಿಡಿದು.

ಮಂಜು ಕರೆಯದ ನೆಂಟನಂತೆ ಒಳಗೆ ಬಂದಿತು. ಎಗ್ಬರ್ಟ್ ನಕ್ಕ, ಬ್ರಾಕೆ ಫೋಟೋ ತೆಗೆದ. ಐದು ನಿಮಿಷವಾಯಿತು, ಅಜ್ಜಿ ಕೈಯೆತ್ತಿದರು, ಕಿಟಕಿ ಮುಚ್ಚಿತು. ಅಷ್ಟಕ್ಕೇ ಎಲ್ಲರೂ ಎದ್ದು ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕೇಕು ಇನ್ನೂ ಉಳಿದಿತ್ತು, ಎಲ್ಲರೂ ಕುಳಿತರು. ಆಗ ಹೊದಿಕೆಯೊಳಗಿಂದ ಪೀಂ ಎಂದಿತು.

“ಏನದು?” ಎಂದರು ಮೇಡಂ.

“ಅದು... ನೆನಪಿಸೋ ಗಂಟೆ. ಕಿಟಕಿ ತೆಗೀ ಅಂತ,” ಎಂದುಬಿಟ್ಟ ಎಗ್ಬರ್ಟ್.

“ಗಂಟೆ ಬೇರೆ ಇಟ್ಟಿದಾರೆ!” ಅಜ್ಜಿ ಎದೆ ಮುಟ್ಟಿಕೊಂಡರು. “ಮತ್ತೆ ನೋಡ್ತಾ ಕೂತಿದೀರಲ್ಲ, ತೆಗೀರಿ!”

ತಾನೇ ಹೇಳಿದ ಮಾತು. ತೆಗೆದ. ಮತ್ತೆ ಐದು ನಿಮಿಷ ಮಂಜು. ಮುಚ್ಚಿದ ಕೂಡಲೇ ಪೀಂ ಪೀಂ ಎಂದಿತು.

“ಇಷ್ಟು ಬೇಗನಾ?” ಎಂದ ಬ್ರಾಕೆ.

“ಜನ ಜಾಸ್ತಿ ಇದಾರಲ್ಲ, ಉಸಿರು ಜಾಸ್ತಿ,” ಎಂದು ವಿವರಿಸಿದವರು ಅಜ್ಜಿ. ಗುರುವಿಗಿಂತ ಶಿಷ್ಯೆಯೇ ಮುಂದಾಗಿದ್ದರು. ಅವರೇ ಎದ್ದು ಕಿಟಕಿ ತೆರೆದರು. ಬ್ರಾಕೆಗೂ ಉತ್ಸಾಹ ಬಂತು. ಒಂದೇ ಕಿಟಕಿ ಸಾಲದು, ಎದುರುಬದುರು ಗಾಳಿಯಾಡಬೇಕೆಂದು ಅಡುಗೆಮನೆಯ ಕಿಟಕಿಯನ್ನೂ ಮೆಟ್ಟಿಲ ಬಾಗಿಲನ್ನೂ ಹಾರುಹೊಡೆದ. ಹೊದಿಕೆಗಳು ಪಟಪಟನೆ ಹಾರಾಡಿದವು. ಪೀಂ ಪೀಂ ಪೀಂ. ಅದು ಕೂಗಿದಷ್ಟೂ ಇವರು ತೆರೆದರು, ತೆರೆದಷ್ಟೂ ಅದು ಕೂಗಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಎಗ್ಬರ್ಟನ ಮುಖದಲ್ಲಿ ಫೋಟೋಕ್ಕೆಂದು ಇಟ್ಟ ನಗು ಹಾಗೇ ಇತ್ತು. ತೆಗೆಯುವುದು ಹೇಗೆಂದು ಅವನಿಗೆ ತಿಳಿಯದಂತಿತ್ತು.

“ಎಪ್ಪತ್ತಾಯ್ತು,” ಎಂದು ಅವನು ಪಿಸುಗುಟ್ಟಿದ್ದು ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿತು. ಯಾರ ವಯಸ್ಸೋ ಎಂದುಕೊಂಡೆ.

“ಅದ್ಭುತ!” ಎಂದರು ಓಡೆನ್‌ಟಾಲ್ ಮೇಡಂ ಕೋಟಿನ ಕಾಲರು ಏರಿಸಿಕೊಳ್ಳುತ್ತ. “ಕ್ನಾಪ್‌ರೇ, ವಸಂತಕಾಲದಲ್ಲಿ ನೀವು ನಮ್ಮ ಎಲ್ಲ ಕಟ್ಟಡಗಳಿಗೂ ಹೋಗಿ ಪಾಠ ಮಾಡ್ಬೇಕು. ನಿಮ್ಮ ಹೆಸರಲ್ಲೇ ಒಂದು ಫಲಕ ಮಾಡಿಸ್ತೀನಿ. ಒಪ್ಪಿಗೆ ತಾನೆ?”

ಜೀವನದಲ್ಲಿ ಮೊದಲ ಸಲ ಎಗ್ಬರ್ಟ್ ಕ್ನಾಪ್ ‘ಹೌದು’ ಎನ್ನಲಿಲ್ಲ. ಫಲಕದಲ್ಲಿ ಅವನ ಹೆಸರು, ಹೊದಿಕೆಯ ಹಿಂದೆ ಒಂದೇ ಸಮನೆ ಅರಚುತ್ತಿರುವ ಮಾಪಕ. ಎರಡರ ನಡುವೆ ಅವನು ಒಂದು ಗಳಿಗೆ ನಿಂತ. ಆಮೇಲೆ ಕಾಫಿ ಬಟ್ಟಲು ಬಿಸಾಕಿ ಕಿಟಕಿಯ ಮೇಲೆ ಬಿದ್ದು ಅದನ್ನು ದಢಾರನೆ ಮುಚ್ಚಿದ.

“ಬಾಗಿಲು ಮುಚ್ರೀ! ಎಲ್ಲ ಮುಚ್ರೀ! ನನ್ನ ಹೂವು ಸಾಯ್ತಿದೆ!”

ಹೊದಿಕೆ ಕಿತ್ತ, ಟೆಂಟಿನ ಜಿಪ್ಪು ಸರ್ರನೆ ಎಳೆದ, ಮಂಚದಡಿಯಿಂದ ಯಂತ್ರಗಳನ್ನು ಹೊರಗೆಳೆದು ಹಚ್ಚಿದ. ದೀಪ ಹೊತ್ತಿತು. ಮುಸುಕಿನ ಜೋಳದ ತೆನೆಯಷ್ಟು ದಪ್ಪನೆಯ ಹೂಗಳನ್ನು ಹೊತ್ತು ಮೂರು ಗಿಡಗಳು ನಮ್ಮೆದುರು ನಿಂತಿದ್ದವು. ವಾಸನೆ ಕೇಕನ್ನೂ ಕಾಫಿಯನ್ನೂ ನುಂಗಿಹಾಕಿತು.

ಓಡೆನ್‌ಟಾಲ್ ಮೇಡಂ ಬಾಗಿ ಬೆರಳು ಮಡಚಿ ಎಣಿಸಿದರು. “ಮೂರು. ಕಾನೂನಿನ ಪ್ರಕಾರ ಸರಿಯಾಗೇ ಇದೆ.” ಎಗ್ಬರ್ಟ್ ನಿಟ್ಟುಸಿರು ಬಿಟ್ಟ. “ಹಾಗಾದ್ರೆ ಆ ನಲವತ್ತೈದು?”

“ಯಂತ್ರದ್ದು. ಎರಡು ಯಂತ್ರ.”

“ಮತ್ತೆ ಕಿಟಕಿ?” ಎಂದು ಡೋರ್ನ್ ಅಜ್ಜಿ ಸಣ್ಣ ದನಿಯಲ್ಲಿ ಕೇಳಿದರು. “ಕ್ನಾಪ್‌ರೇ, ಇವತ್ತಿಗೆ ಮುಂಚೆ ಈ ಕಿಟಕಿ ಯಾವಾಗ ತೆಗೆದಿದ್ರಿ?”

ಎಗ್ಬರ್ಟ್ ನೆಲ ನೋಡಿದ. “ಆಗಸ್ಟ್‌ನಲ್ಲಿ.”

ಅಜ್ಜಿ ಮಂಚದ ಮೇಲೆ ಕುಸಿದರು. ಬ್ರಾಕೆ ಕನ್ನಡಕ ತೆಗೆದು ಒರೆಸಿಕೊಂಡ. ರೋಸ್ವಿತಾ ಸೆರಗಿಲ್ಲದ್ದಕ್ಕೆ ಮೇಜಿನ ಬಟ್ಟೆಯನ್ನೇ ಎತ್ತಿ ಮುಖ ಮುಚ್ಚಿಕೊಂಡು, “ಅಯ್ಯೋ, ಅಷ್ಟೂ ಬಾಯಿ ಬಿಡ್ಬೇಕಿತ್ತಾ!” ಎಂದು ಅತ್ತಳು.

“ಗಾಂಜಾ ಪರವಾಗಿಲ್ಲ,” ಎಂದರು ಅಜ್ಜಿ ಏದುಸಿರು ಬಿಡುತ್ತ. “ನನ್ನ ಮೊಮ್ಮಗನೂ ಬೆಳೀತಾನೆ, ಒಳ್ಳೇ ಹುಡುಗ. ಆದ್ರೆ ಆಗಸ್ಟ್! ಸೆಪ್ಟೆಂಬರ್, ಅಕ್ಟೋಬರ್... ದೇವರೇ, ಮನುಷ್ಯರು ವಾಸ ಮಾಡೋ ಮನೇನಾ ಇದು?”

ಮೇಡಂ ಚೀಲದಿಂದ ಬಾಡಿಗೆ ಕರಾರನ್ನು ತೆಗೆದು ಕಿಟಕಿಯ ಕಲಮನ್ನು ಗಟ್ಟಿಯಾಗಿ ಓದತೊಡಗಿದರು. ಆ ಗದ್ದಲದಲ್ಲಿ ಊಡೋ ಮಾತ್ರ ಟೆಂಟಿನೊಳಗೆ ತಲೆ ತೂರಿಸಿದ್ದ. ಫೋನಿನ ಬೆಳಕು ಬಿಟ್ಟು ಅತಿ ದೊಡ್ಡ ಹೂವನ್ನು ಎಸಳೆಸಳಾಗಿ ಸರಿಸಿ ನೋಡಿದ. ಮೂಗಿಟ್ಟು ಮೂಸಿದ. ಮತ್ತೊಮ್ಮೆ ಮೂಸಿದ. ಹೊರಬಂದಾಗ ಅವನ ಮುಖ ಹರಳೆಣ್ಣೆ ಕುಡಿದಂತಾಗಿತ್ತು.

“ಭಾವ,” ಎಂದ. “ಬೂಷ್ಟಿಲ್ಲ. ಒಂದು ಚುಕ್ಕೇನೂ ಇಲ್ಲ.”

“ಜೋರಾಗಿ ಹೇಳೋ,” ಎಂದು ಎಗ್ಬರ್ಟ್ ಅವನ ತೋಳು ಹಿಡಿದುಕೊಂಡ. “ಎಲ್ರಿಗೂ ಕೇಳೋ ಹಾಗೆ ಹೇಳೋ!”

ಊಡೋ ಜೋರಾಗಿಯೇ ಹೇಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಕಲಮು ಇನ್ನೂ ಮುಗಿದಿರಲಿಲ್ಲ.

ಮುಂದಿನದು ಹೆಚ್ಚಿಲ್ಲ. ಒಣ ಕೋಣೆ ಒಣಗಿದ್ದು ಯಂತ್ರದಿಂದ ಎಂದಾದ ಮೇಲೆ ಕಚೇರಿಯ ಸಿದ್ಧಾಂತ ಮುರಿದುಬಿತ್ತು. ಬ್ರಾಕೆ ಉತ್ತರದ ಗೋಡೆಯೇ ಒದ್ದೆ ಎಂದು ವರದಿ ಕೊಡಬೇಕಾಯಿತು. ಗೋಡೆ ರಿಪೇರಿಯೂ ಆಯಿತು, ನಮ್ಮ ಬಾಡಿಗೆಯೂ ಇಳಿಯಿತು. ಎಗ್ಬರ್ಟನೊಬ್ಬನಿಗೆ ಕಿಟಕಿ ತೆರೆಯದ ಅಪರಾಧಕ್ಕೆ ಎಚ್ಚರಿಕೆಯ ಪತ್ರ ಬಂತು. ಅವನಿಂದಾಗಿ ಇಷ್ಟೆಲ್ಲ ಲಾಭವಾಯಿತಲ್ಲ, ಒಬ್ಬರಾದರೂ ಒಂದು ಮಾತು ಹೇಳಿದೆವೇ? ಇಲ್ಲ. ಆಗಸ್ಟ್‌ನಿಂದ ಕಿಟಕಿ ತೆರೆಯದವನಿಗೆ ಏನೆಂದು ಹೇಳುವುದು? ಗೂಟದಾಟದ ಕ್ಲಬ್ಬಿನಲ್ಲಿ ಅವನ ಬಾಟಲಿ ಕೈಯಿಂದ ಕೈಗೆ ಹೋಯಿತು, ಎಲ್ಲರೂ ಮೂಸಿ ತಲೆದೂಗಿದರು. ಆಮೇಲೆ ಪಕ್ಕದವರ ಕಿವಿಯಲ್ಲಿ, “ಟೇಪು ಬೇರೆ ಹಾಕಿದ್ನಂತೆ,” ಎಂದರು.

ಅವನ ಮೇಲೆ ನಂಬಿಕೆ ಇಡುವಂತಿಲ್ಲವೆಂದು ಈಗ ದಿನಾ ಬೆಳಿಗ್ಗೆ ಡೋರ್ನ್ ಅಜ್ಜಿಯೇ ಮೂರು ಮಹಡಿ ಹತ್ತಿ ಬಂದು ಅವನ ಕಿಟಕಿ ತೆರೆಯುತ್ತಾರೆ. ಮೊನ್ನೆ ನಾನು ಬಾಗಿಲಲ್ಲಿ ನಿಂತಿದ್ದೆ. ಕಿಟಕಿ ತೆರೆದು ನಿಂತ ಅಜ್ಜಿ ಕಪಾಟಿನ ಮೇಲಿದ್ದ ಬಾಟಲಿಯ ಮುಚ್ಚಳ ತೆಗೆದು ಕಣ್ಣು ಮುಚ್ಚಿ ಮೂಸಿದರು. ಮೆಟ್ಟಿಲು ಹತ್ತಿ ನೋಯುತ್ತಿದ್ದ ಮೊಣಕಾಲು ಮುಟ್ಟಿ ನೋಡಿಕೊಂಡು, ಮದ್ದಿಗೆಂಬಂತೆ ಒಂದು ಹೂವು ಎತ್ತಿದರು.

“ಇನ್ನೊಬ್ರಿಗೆ ಕೊಡೋ ಹಾಗಿಲ್ಲ ಅಂತಿದೆ ಕಾನೂನು,” ಎಂದ ಎಗ್ಬರ್ಟ್ ಮೆಲ್ಲಗೆ.

“ನೀವು ಕೊಡ್ಬೇಡಿ. ನಾನು ತಗೋತೀನಿ.”

ಅಜ್ಜಿ ಹೂವನ್ನು ಏಪ್ರನ್ನಿನ ಜೇಬಿಗೆ ಇಳಿಸಿದರು. ಎಗ್ಬರ್ಟನ ಮುಖ ಅರಳಿತು. ಕೊನೆಗೂ ಒಬ್ಬರಿಗಾದರೂ ಇಷ್ಟವಾಯಿತಲ್ಲ! “ಹೇಗಿದೆ ಡೋರ್ನ್ ಅಮ್ಮಾ, ಹೂವು?” ಎಂದು ಆಸೆಯಿಂದ ಕೇಳಿದ.

“ಹೂವೇನೋ ಒಳ್ಳೇ ಜಾತೀದು ಕ್ನಾಪ್‌ರೇ,” ಎಂದರು ಅಜ್ಜಿ, ಜೇಬನ್ನು ಮೆಲ್ಲಗೆ ತಟ್ಟುತ್ತ. “ಪಾಪ, ಎಂಥಾ ಮನೇಲಿ ಹುಟ್ಟಿಬಿಡ್ತು!”